ನೂಕುವ ಕಡ್ಡಿ, ಎಳೆಯುವ ಕಡ್ಡಿ: ಬುಲ್‌ಪಪ್ ಏರ್ ರೈಫಲ್ ಜೊತೆ ಮೂರು ವರ್ಷ

ನನ್ನ ಬುಲ್‌ಪಪ್ ಏರ್ ರೈಫಲ್‌ನ ಟ್ರಿಗರ್ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೂರು ವರ್ಷದಿಂದ ನನ್ನನ್ನು ಕಾಡುತ್ತಿರುವುದು ಅದೇ. ಬೆರಳಿಟ್ಟು ಒತ್ತಿದರೆ ಮೊದಲು ಸುಮ್ನೆ ಹಿಂದೆ ಹೋಗುತ್ತದೆ. ಆಮೇಲೆ ಒಂದು ಕಡೆ ತಡೆಯುತ್ತದೆ. ಅಲ್ಲಿಂದ ಪಟ್ಟನೆ ಬಿಡಬೇಕು, ಅಲ್ವಾ? ಇದು ಬಿಡುವುದಿಲ್ಲ. ನಾದಿದ ಹಿಟ್ಟಿನಲ್ಲಿ ಬೆರಳು ಊರಿದ ಹಾಗೆ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಜರುಗುತ್ತಾ ಹೋಗುತ್ತದೆ. ಅಷ್ಟರಲ್ಲಿ ಕಟ್ಟಿ ಹಿಡಿದ ಉಸಿರು ಮುಗಿಯುತ್ತದೆ, ಗುರಿ ಅಲುಗುತ್ತದೆ.

ಕಂಪನಿಯ ಹೆಸರು ಬರೆಯುವುದಿಲ್ಲ. ಯಾಕಂದರೆ ಇದು ಒಂದು ಕಂಪನಿಯ ತಪ್ಪಲ್ಲ, ಬುಲ್‌ಪಪ್ ಜಾತಿಗೇ ಅಂಟಿಕೊಂಡ ತೊಂದರೆ. ಈ ಬಗೆಯ ರೈಫಲ್‌ನಲ್ಲಿ ಹೊಡೆಯುವ ಯಂತ್ರವೆಲ್ಲ ಟ್ರಿಗರ್‌ಗಿಂತ ಹಿಂದೆ, ಕೆನ್ನೆಯ ಕೆಳಗೆ ಇರುತ್ತದೆ. ಟ್ರಿಗರ್ ಮಾತ್ರ ಮುಂದೆ. ಎರಡನ್ನೂ ಒಂದು ಉದ್ದ ಕಡ್ಡಿ ಜೋಡಿಸುತ್ತದೆ. ಆಸ್ಟ್ರಿಯಾದ ಸೈನ್ಯ 1977ರಲ್ಲಿ ಸ್ಟೈರ್ ಆಗ್ (AUG) ಅನ್ನುವ ಬುಲ್‌ಪಪ್ ಬಂದೂಕು ತೆಗೆದುಕೊಂಡ ಕಾಲದಿಂದಲೂ ಬುಲ್‌ಪಪ್ ಟ್ರಿಗರ್ ಮೇಲೆ ಈ ದೂರು ಇದೆ. ಸೈನಿಕರಿಗೆ ಅದು ನಡೆಯುತ್ತದೆ. ಕಾಗದದ ಮೇಲೆ ರೂಪಾಯಿಯಷ್ಟು ವೃತ್ತಕ್ಕೆ ಹೊಡೆಯುವವರಿಗೆ ನಡೆಯುವುದಿಲ್ಲ.

ಹಾಗಿದ್ದರೆ ಬುಲ್‌ಪಪ್ ಯಾಕೆ ಬೇಕಿತ್ತು? ನಮ್ಮ ಮನೆ ಬೆಳಗಾವಿಯ ಶಹಾಪುರದಲ್ಲಿದೆ. ಹಿಂದೆ ಮಗ್ಗದ ಮನೆ ಇದೆ. ಅಪ್ಪ ನಲವತ್ತು ವರ್ಷ ಅಲ್ಲಿ ಸೀರೆ ನೇಯ್ದರು. ಮಗ್ಗ ಗುಜರಿಗೆ ಹೋದ ಮೇಲೆ ಅದು ಖಾಲಿ. ಉದ್ದ 14 ಮೀಟರ್, ಆದರೆ ಅಗಲ ತೀರಾ ಕಡಿಮೆ, ನಡುವೆ ಮರದ ಕಂಬಗಳು ಬೇರೆ. ಹಳೆಯ ಸ್ಪ್ರಿಂಗ್ ಏರ್ ಗನ್ ಹಿಡಿದು ತಿರುಗಿದರೆ ನಳಿಗೆ ಕಂಬಕ್ಕೆ ತಾಗುತ್ತಿತ್ತು. ಬುಲ್‌ಪಪ್‌ನಲ್ಲಿ ನಳಿಗೆ ಗಿಡ್ಡ ಆಗುವುದಿಲ್ಲ, ಒಟ್ಟು ಉದ್ದ ಮಾತ್ರ ಗಿಡ್ಡ. ನಮ್ಮದು ಅಳೆದರೆ 76 ಸೆಂಟಿಮೀಟರ್. ಅವ್ವನ ಟ್ರೆಜರಿಯಲ್ಲಿ, ಅಂದರೆ ಕಬ್ಬಿಣದ ಕಪಾಟಿನಲ್ಲಿ, ಅಡ್ಡಡ್ಡ ಇಟ್ಟು ಬೀಗ ಹಾಕಬಹುದು.

ಆಗ ನನ್ನ ಮುಂದೆ ಎರಡೇ ಬುಲ್‌ಪಪ್ ಇದ್ದವು. ಒಂದು ಮರದ್ದು, ಒಂದು ಕರಿ ಪ್ಲಾಸ್ಟಿಕ್‌ನದು. ಎರಡೂ ಗಾಳಿ ತುಂಬಿಸಿಡುವ ಪಿಸಿಪಿ, ಎರಡೂ 4.5 ಮಿಲಿಮೀಟರ್ ಗುಂಡಿನವು, ಗುಂಡು ನಳಿಗೆ ಬಿಡುವಾಗಿನ ಶಕ್ತಿ 20 ಜೂಲ್ ಒಳಗೆ. ಅಷ್ಟರೊಳಗೆ ಇದ್ದರೆ 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ಆಗ ಬೆಲೆ ಎರಡಕ್ಕೂ 60 ಸಾವಿರದ ಆಸುಪಾಸು ಇತ್ತು. ಗಾಳಿ ತುಂಬುವ ಪಂಪು ಮತ್ತು ಗುರಿ ನೋಡುವ ದುರ್ಬೀನು ಸೇರಿಸಿದರೆ ಇನ್ನೂ 20 ಸಾವಿರ ಆಗುತ್ತಿತ್ತು. ಈ ಎರಡನೇ ಖರ್ಚು ಲೆಕ್ಕ ಹಾಕದೆ ಹೋಗಬೇಡಿ. ನಾನು ಹಾಕದೆ ಹೋಗಿ ಎರಡು ತಿಂಗಳು ರೈಫಲ್ ಸುಮ್ನೆ ಇಟ್ಟಿದ್ದೆ.

ನಾನು ಕರಿದನ್ನು ತಂದೆ. ಕಾರಣ ಲಿವರ್, ಮುಂದಿನ ಹೊಡೆತಕ್ಕೆ ರೈಫಲ್ ಸಜ್ಜು ಮಾಡುವ ಹಿಡಿ. ಮರದ್ದರಲ್ಲಿ ಅದು ಕೆನ್ನೆಯ ಪಕ್ಕ ಇದೆ. ಪ್ರತಿ ಸಲ ಹೆಗಲಿನಿಂದ ಇಳಿಸಿ ಎಳೆಯಬೇಕು. ಕರಿದರಲ್ಲಿ ಮುಂದೆ, ಕೈಗೆ ಸಿಗುವ ಹಾಗೆ ಇದೆ. ಟ್ರಿಗರ್ ಬಗ್ಗೆ ಒಂದು ಪ್ರಶ್ನೆ ಕೂಡ ಕೇಳಲಿಲ್ಲ. ಮರದ್ದನ್ನು ನನ್ನ ಗೆಳೆಯ ತಗೊಂಡ. ಅವನು ಟಿಳಕವಾಡಿಯವನು, ಭಾನುವಾರ ಬರುತ್ತಾನೆ. ಅವನದಕ್ಕೆ ಬೆರಳಿಟ್ಟ ದಿನ ನನಗೆ ನಿದ್ದೆ ಬರಲಿಲ್ಲ. ಒಣ ಕಡ್ಡಿ ಮುರಿದ ಹಾಗೆ ಪಟ್ ಅಂತ ಬಿಡುತ್ತದೆ.

ಯಾಕೆ ಹೀಗೆ ಅಂತ ಎರಡೂ ರೈಫಲ್‌ಗಳ ಪಕ್ಕದ ಮುಚ್ಚಳ ತೆಗೆದು ನೋಡಿದೆವು. ಉತ್ತರ ಹೇಳಿದ್ದು ಅಪ್ಪ. ಬಂದೂಕಿನ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ. ನಮ್ಮದರ ಟ್ರಿಗರ್ ಅನ್ನು ಮೆಲ್ಲಗೆ ಒತ್ತಿ, ಒಳಗಿನ ತೆಳ್ಳನೆ ಕಡ್ಡಿ ನೋಡಿದರು. "ಇದು ನೂಕಾಕತ್ತೈತಿ ತಮ್ಮಾ. ನೂಕಿದ್ರ ಕಡ್ಡಿ ಬಾಗತೈತಿ. ಎಳದ್ರ ಬಾಗೂದಿಲ್ಲ. ಮಗ್ಗದಾಗ ನಾವು ಹಗ್ಗ ಯಾಕ ಕಟ್ತಿದ್ವಿ ಮತ್ತ?" ಅಂದರು. ಕಾಲಲ್ಲಿ ಹಲಗೆ ತುಳಿದರೆ ಹಗ್ಗ ಎಳೆಯುತ್ತದೆ, ನೂಲು ಅಷ್ಟಕ್ಕಷ್ಟೇ ಏಳುತ್ತದೆ. ಗೆಳೆಯನದರಲ್ಲಿ ಟ್ರಿಗರ್ ನಡುವೆ ಒಂದು ಗೂಟದ ಮೇಲೆ ಕೂತಿದೆ. ಕೆಳಗಿನ ತುದಿ ಹಿಂದೆ ಬಂದರೆ ಮೇಲಿನ ತುದಿ ಮುಂದೆ ಹೋಗುತ್ತದೆ, ಕಡ್ಡಿಯನ್ನು ಎಳೆಯುತ್ತದೆ. ನಮ್ಮದರಲ್ಲಿ ಟ್ರಿಗರ್ ನೇರವಾಗಿ ಕಡ್ಡಿಯನ್ನು ಹಿಂದೆ ನೂಕುತ್ತದೆ. ಕಡ್ಡಿ ಕೂದಲಷ್ಟು ಬಾಗುತ್ತದೆ. ನನ್ನ ಬೆರಳಿಗೆ ಹಿಟ್ಟು ಅನ್ನಿಸುತ್ತಿದ್ದುದು ಆ ಬಾಗೇ. ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು: ಟ್ರಿಗರ್ ಕಡ್ಡಿ ನೂಕುತ್ತದೋ, ಎಳೆಯುತ್ತದೋ? ಉದ್ಯಮಬಾಗದಲ್ಲಿ ಲೇತ್ ಕೆಲಸದವರಿಗೆ ಕೊಟ್ಟು ದಪ್ಪ ಕಡ್ಡಿ ಮಾಡಿಸು ಅಂತ ಕೆಲವರು ಹೇಳಿದರು. ಮಾಡಿಸಲಿಲ್ಲ. ಗುಂಡು ಯಾವಾಗ ಹಾರಬೇಕು ಅನ್ನುವುದನ್ನು ನಿರ್ಧರಿಸುವ ಭಾಗ ಅದು, ಅಂದಾಜಿನ ಮೇಲೆ ಮುಟ್ಟುವುದು ನನಗೆ ಸರಿ ಅನ್ನಿಸಲಿಲ್ಲ.

ಇಷ್ಟು ಬೈದರೂ ದಿನಾ ಸಂಜೆ ಅದನ್ನೇ ತೆಗೆಯುತ್ತೇನೆ. ಚಹಾ ಆದ ಮೇಲೆ ಮಗ್ಗದ ಮನೆಯ ಎರಡೂ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕುತ್ತೇವೆ. ಆ ಕಡೆ ಗೋಡೆಗೆ ಮರದ ಪೆಟ್ಟಿಗೆ ಇದೆ. ಅದರಲ್ಲಿ ಹಳೆ ಬಟ್ಟೆ ಗಟ್ಟಿಯಾಗಿ ತುರುಕಿ, ಹಿಂದೆ ಕಬ್ಬಿಣದ ತಗಡು ನಿಲ್ಲಿಸಿದ್ದೇನೆ. ಗುರಿಗೆ ಕುಂದಾ ಡಬ್ಬಿಯ ರಟ್ಟು. ಅದರ ಮೇಲೆ ರೂಪಾಯಿ ನಾಣ್ಯ ಇಟ್ಟು ಐದು ವೃತ್ತ ಬರೆಯುತ್ತೇನೆ. ಸ್ಟೀಲ್ ತಟ್ಟೆಗೆ ಪೆಲೆಟ್, ಅಂದರೆ ಏರ್ ರೈಫಲ್‌ನ ಚಿಕ್ಕ ಗುಂಡು, ಸುರಿದು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತೇನೆ. ಹಿಂದಿನ ಅಂಚು ನೆಗ್ಗಿದ್ದನ್ನು ಬೇರೆ ಇಡುತ್ತೇನೆ. ತಲೆ ಚಪ್ಪಟೆ ಇರುವ 0.53 ಗ್ರಾಂ ಪೆಲೆಟ್ ರಟ್ಟಿನಲ್ಲಿ ದುಂಡನೆ ತೂತು ಕೊರೆಯುತ್ತದೆ, ಎಣಿಸಲು ಸುಲಭ. ಎಲ್ಲ ಮುಗಿದ ಮೇಲೆ ಸಾಬೂನಿನಲ್ಲಿ ಕೈ ತೊಳೆಯದೆ ಅಡುಗೆ ಮನೆಗೆ ಹೋಗುವ ಹಾಗಿಲ್ಲ. ಅದು ಸೀಸ. ಆ ತಟ್ಟೆಯೂ ಊಟಕ್ಕೆ ಬರುವುದಿಲ್ಲ.

ಪಂಪು ಹೊಡೆಯುವುದು ಮೈ ಬೆವರಿಸುವ ಕೆಲಸ. ಸಿಲಿಂಡರ್ ಒಳಗಿನ ಗಾಳಿಯ ಒತ್ತಡವನ್ನು 120 ಬಾರ್‌ನಿಂದ 200 ಬಾರ್‌ಗೆ ಏರಿಸಲು ನನಗೆ ಎಪ್ಪತ್ತು ಸಲ ಒತ್ತಬೇಕು. ಮೂವತ್ತಾದ ಮೇಲೆ ನಿಲ್ಲಿಸಿ ಪಂಪು ತಣ್ಣಗಾಗಲು ಬಿಡುತ್ತೇನೆ. ಎಣಿಸುವುದು ಅಪ್ಪ. ಬೆಳಗಾವಿಯ ಮಳೆಗಾಲದಲ್ಲಿ ಇನ್ನೊಂದು ಕಾಟ: ಒದ್ದೆ ಗಾಳಿಯನ್ನು ಅಷ್ಟು ಹಿಂಡಿದರೆ ನೀರು ಇಳಿಯುತ್ತದೆ, ಸಿಲಿಂಡರ್ ಒಳಗೆ ತುಕ್ಕು ಹಿಡಿಯುತ್ತದೆ. ಪಂಪಿನ ಬಾಯಿಗೆ ಸಿಲಿಕಾ ಜೆಲ್ ಇರುವ ಡಬ್ಬಿ ಹಾಕಿದ್ದೇನೆ. ಜುಲೈನಲ್ಲಿ ಹದಿನೈದು ದಿನಕ್ಕೊಮ್ಮೆ ಅದನ್ನು ಬದಲಿಸುತ್ತೇನೆ.

ದುರ್ಬೀನಿನ ವಿಷಯ ಚಿಕ್ಕದಾಗಿ. ಬುಲ್‌ಪಪ್‌ನಲ್ಲಿ ಅದು ನಳಿಗೆಗಿಂತ ಬಹಳ ಮೇಲೆ ಕೂರುತ್ತದೆ, ನಮ್ಮದರಲ್ಲಿ 7 ಸೆಂಟಿಮೀಟರ್. 10 ಮೀಟರ್‌ಗೆ ಸರಿಮಾಡಿಕೊಂಡು 5 ಮೀಟರ್‌ನಿಂದ ಹೊಡೆದರೆ ಪೆಲೆಟ್ ಮೂರು ಸೆಂಟಿಮೀಟರ್‌ಗಿಂತ ಜಾಸ್ತಿ ಕೆಳಗೆ ಬೀಳುತ್ತದೆ. ರೈಫಲ್ ಕೆಟ್ಟಿದೆ ಅಂತ ಗಾಬರಿ ಬೇಡ.

ಪಂಪು ಎಣಿಸುವ ಕೆಲಸ ಮಾಡುತ್ತಲೇ ಒಂದು ಸಂಜೆ ಅಪ್ಪ, "ಒಮ್ಮೆ ಕೊಡು ನೋಡೋಣ" ಅಂದರು. ನಾನು ಹಿಂದೆ ಮುಂದೆ ನೋಡಿದೆ. ಅವರ ಬಲ ಹೆಗಲು ಲಾಳಿ ಎಸೆದೂ ಎಸೆದೂ ಸವೆದಿದೆ. ಹಳೆಯ ಸ್ಪ್ರಿಂಗ್ ಗನ್ನಿನ ನಳಿಗೆ ಮಡಚಿ ಎಳೆಯಲು ಅವರಿಗೆ ಆಗಿರಲಿಲ್ಲ, ಎತ್ತಿ ಹಿಡಿದರೆ ಮೂತಿ ಕೆಳಗೆ ಇಳಿಯುತ್ತಿತ್ತು. ಇದರ ತೂಕ 2.9 ಕಿಲೋ, ಅದೂ ಬಹುಪಾಲು ಹಿಂದೆ, ಹೆಗಲಿನ ಹತ್ತಿರ. ಮುಂದಿನ ಕೈಗೆ ಭಾರವೇ ಇಲ್ಲ. ಕುರ್ಚಿಯಲ್ಲಿ ಕೂತು, ಮೊಣಕೈಯನ್ನು ಮೇಜಿಗೆ ಆನಿಸಿ ಐದು ಹೊಡೆದರು. ಅದರಲ್ಲಿ ನಾಲ್ಕು ಗುಂಡು ವೃತ್ತದ ಒಳಗೆ. ಆ ಟ್ರಿಗರ್ ಬಗ್ಗೆ ಕೇಳಿದೆ. "ಮೆಲ್ಲಕ ಎಳಿ, ಅದೇ ಬಿಡತೈತಿ" ಅಂದರು. ಅವರಿಗೆ ಅವಸರವಿಲ್ಲ. ನೂಲು ಕಡಿಯದ ಹಾಗೆ ಎಳೆಯುವುದು ಕೈಗೆ ಕೂತಿದೆ.

ಆದರೂ ಆಸೆ ಬಿಡಲಿಲ್ಲ. ಕಳೆದ ದೀಪಾವಳಿಗೆ ಗೆಳೆಯ ತಾನಾಗಿಯೇ ಅದಲುಬದಲು ಮಾಡೋಣ ಅಂದ. ಒಂದು ವಾರ ಮರದ್ದು ನಮ್ಮ ಮನೆಯಲ್ಲಿತ್ತು. ನನ್ನ ಐದು ತೂತುಗಳು 14 ಮಿಲಿಮೀಟರ್ ಹರಡುತ್ತಿದ್ದವು, 8ಕ್ಕೆ ಇಳಿದವು. ಬಹಳ ಖುಷಿಯಾಯಿತು. ಅಪ್ಪ ಎರಡನೇ ದಿನ ಪೆಲೆಟ್ ಎಣಿಸಲು ಮಾತ್ರ ಬಂದರು. ಮೂರನೇ ದಿನ ಬರಲೇ ಇಲ್ಲ. ಅದು 3.9 ಕಿಲೋ, ಮೇಲಾಗಿ ಕೆನ್ನೆಯ ಪಕ್ಕದ ಲಿವರ್ ಎಳೆಯಲು ಅವರ ಹೆಗಲು ಅಷ್ಟು ಹಿಂದೆ ಹೋಗುವುದಿಲ್ಲ. ಅವರು ಏನೂ ಹೇಳಲಿಲ್ಲ. ಭಾನುವಾರ ನಾನೇ ವಾಪಸ್ ಕೊಟ್ಟು ಬಂದೆ.

ಈಗ ಭಾನುವಾರ ಗೆಳೆಯ ತನ್ನದನ್ನು ತರುತ್ತಾನೆ. ಅದರಲ್ಲಿ ನಾನು ಹೊಡೆಯುತ್ತೇನೆ, ನಮ್ಮದರಲ್ಲಿ ಅಪ್ಪ. ಉಳಿದ ದಿನ ಅಪ್ಪ ಮೊದಲು, ಆಮೇಲೆ ನಾನು. ಕುಂದಾ ಡಬ್ಬಿ ಸಾಲುತ್ತಿಲ್ಲ, ಅವ್ವ ಗುರಿಗೆ ಅಂತ ಮದುವೆ ಆಮಂತ್ರಣದ ಕಾಗದಗಳನ್ನು ಎತ್ತಿಡುತ್ತಿದ್ದಾಳೆ.