ಮ್ಯಾಂಡೇಟ್ ಫಾರ್ ಲೀಡರ್‌ಶಿಪ್: ಮೂರನೇ ಅಧ್ಯಾಯದಿಂದ ಓದಿ

ಪ್ರಾಜೆಕ್ಟ್ 2025 ಎಂದು ಜನ ಕರೆಯುವುದು ಹೆಚ್ಚಾಗಿ ಈ ಪುಸ್ತಕವನ್ನೇ. ಅಮೆರಿಕದ ಮುಂದಿನ ರಿಪಬ್ಲಿಕನ್ ಅಧ್ಯಕ್ಷರು ಏನು ಮಾಡಬೇಕೆಂಬ ಶಿಫಾರಸುಗಳ ಸಂಗ್ರಹ ಇದು. ವಾಷಿಂಗ್ಟನ್ನಿನ ಸಂಪ್ರದಾಯವಾದಿ ಚಿಂತಕರ ಸಂಸ್ಥೆ ಹೆರಿಟೇಜ್ ಫೌಂಡೇಶನ್ 2023ರ ಏಪ್ರಿಲ್‌ನಲ್ಲಿ ಹೊರತಂದದ್ದು. 900ಕ್ಕೂ ಹೆಚ್ಚು ಪುಟ, 30 ಅಧ್ಯಾಯ, ಪಿಡಿಎಫ್ ಉಚಿತ. ತನಗೆ ಇದರ ಬಗ್ಗೆ ಏನೂ ಗೊತ್ತಿಲ್ಲವೆಂದು 2024ರ ಜುಲೈನಲ್ಲಿ ಟ್ರಂಪ್ ಹೇಳಿದ್ದರು. ಗೆದ್ದ ಮೇಲೆ, ಎರಡನೇ ಅಧ್ಯಾಯ ಬರೆದ ರಸೆಲ್ ವೋಟ್ ಶ್ವೇತಭವನದ ಬಜೆಟ್ ಕಚೇರಿಯ ನಿರ್ದೇಶಕರಾದರು. ದೂರಸಂಪರ್ಕ ಮತ್ತು ಪ್ರಸಾರವನ್ನು ನಿಯಂತ್ರಿಸುವ ಆಯೋಗ ಎಫ್‌ಸಿಸಿ ಬಗೆಗಿನ ಅಧ್ಯಾಯ ಬರೆದ ಬ್ರೆಂಡನ್ ಕಾರ್ ಅದೇ ಆಯೋಗದ ಅಧ್ಯಕ್ಷರಾದರು.

ಮುನ್ನುಡಿ ಬರೀ ಭಾಷಣ, ಬಿಟ್ಟುಬಿಡಿ. ಮೂರನೇ ಅಧ್ಯಾಯದಿಂದ ಶುರು ಮಾಡಿ. ನೀತಿ ರೂಪಿಸುವ ಕಾಯಂ ನೌಕರರ ಸೇವಾಭದ್ರತೆ ತೆಗೆಯುವ 'ಶೆಡ್ಯೂಲ್ ಎಫ್' ಮತ್ತೆ ಬರಬೇಕೆಂಬ ಮಾತು ಅಲ್ಲಿದೆ. 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಅದರ ಆದೇಶ ಬಂತು. ಸುಮಾರು 50,000 ಹುದ್ದೆಗಳು ಇದರಡಿ ಬರಬಹುದೆಂದು ಸರ್ಕಾರದ್ದೇ ಅಂದಾಜು. ಇಡೀ ಪುಸ್ತಕದಲ್ಲಿ ನನಗೆ ಅತಿ ಆತಂಕ ಹುಟ್ಟಿಸುವ ಭಾಗ ಇದು. ಉಳಿದ ಅಧ್ಯಾಯಗಳನ್ನು ಜಾರಿ ಮಾಡಬೇಕಾದವರೂ, ತಡೆದು ಪ್ರಶ್ನೆ ಕೇಳಬಲ್ಲವರೂ ಈ ನೌಕರರೇ.

ಓದುವಾಗ ಪ್ರತಿ ಶಿಫಾರಸಿನ ಕರ್ತೃಪದಕ್ಕೆ ಗೆರೆ ಎಳೆಯಿರಿ. 'ಅಧ್ಯಕ್ಷರು' ಎಂದಿದ್ದರೆ ಒಂದು ಸಹಿ ಸಾಕು. ಇಲಾಖೆ ನಿಯಮ ಬದಲಿಸಬೇಕು ಎಂದಿದ್ದರೆ ಕರಡು ಪ್ರಕಟಣೆ, ಸಾಮಾನ್ಯವಾಗಿ 30ರಿಂದ 60 ದಿನ ಸಾರ್ವಜನಿಕ ಆಕ್ಷೇಪಣೆ, ಆಮೇಲೆ ಅಂತಿಮ ನಿಯಮ, ಬಹುತೇಕ ಕೋರ್ಟು. 'ಕಾಂಗ್ರೆಸ್', ಅಂದರೆ ಅಮೆರಿಕದ ಸಂಸತ್ತು, ಎಂದಿದ್ದರೆ ಅದರ ಮೇಲ್ಮನೆ ಸೆನೆಟ್‌ನಲ್ಲಿ ಸಾಮಾನ್ಯವಾಗಿ 60 ಮತ ಬೇಕು. ಶಿಕ್ಷಣ ಇಲಾಖೆಯನ್ನೇ ಮುಚ್ಚಬೇಕೆನ್ನುವ 11ನೇ ಅಧ್ಯಾಯ ಸಿಕ್ಕಿಕೊಂಡಿರುವುದು ಇಲ್ಲೇ: 2025ರ ಮಾರ್ಚ್‌ನಲ್ಲಿ ಆದೇಶ ಬಂದರೂ, 1979ರ ಕಾಯ್ದೆಯಿಂದ ಹುಟ್ಟಿದ ಇಲಾಖೆಯನ್ನು ಸಹಿಯೊಂದರಿಂದ ಅಳಿಸಲಾಗದು. ಆದರೆ ಕೊಟ್ಟ ಹಣ ವಾಪಸ್ ಪಡೆಯುವ ಮಸೂದೆಗೆ ಸರಳ ಬಹುಮತ ಸಾಕು. ಸಾರ್ವಜನಿಕ ಪ್ರಸಾರದ 110 ಕೋಟಿ ಡಾಲರ್ 2025ರ ಜುಲೈನಲ್ಲಿ ಹೋದದ್ದು ಆ ದಾರಿಯಲ್ಲಿ.

ಹಾಗೆಂದು ಇದನ್ನು ಪಂಚಾಂಗದಂತೆ ನಂಬಬೇಡಿ. ವಿದೇಶಗಳಿಗೆ ನೆರವು ಕೊಡುವ ಸರ್ಕಾರಿ ಸಂಸ್ಥೆ ಯುಎಸ್‌ಏಡ್ ಅನ್ನು ಮೊಟಕುಗೊಳಿಸಿ, ತಿದ್ದಿ ಎಂದಷ್ಟೇ ಪುಸ್ತಕ ಹೇಳಿತ್ತು. ಸರ್ಕಾರ ಸಂಸ್ಥೆಯನ್ನೇ ಮುಚ್ಚಿತು. ಎಚ್‌-1ಬಿ ವೀಸಾ ಹೆಚ್ಚು ಸಂಬಳದವರಿಗೆ ಮಾತ್ರ ಇರಲಿ ಎಂದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳಿಗೆ ಬಂದ 1,00,000 ಡಾಲರ್ ಶುಲ್ಕ ಇದರಲ್ಲಿಲ್ಲ. ವ್ಯಾಪಾರದ ಅಧ್ಯಾಯದಲ್ಲಂತೂ ಸುಂಕ ಬೇಕೆನ್ನುವ, ಟ್ರಂಪ್‌ರ ವ್ಯಾಪಾರ ಸಲಹೆಗಾರ ಪೀಟರ್ ನವಾರೊ ಲೇಖನದ ಜೊತೆಗೇ ಮುಕ್ತ ವ್ಯಾಪಾರದ ಪರ ಇನ್ನೊಂದು ಲೇಖನವಿದೆ. ಒಂದನ್ನೇ ಓದಿ ಉಲ್ಲೇಖಿಸಿದರೆ ಎಡವುತ್ತೀರಿ.

ದೊಡ್ಡ ಕೊರತೆ, ಮೊದಲ 180 ದಿನಗಳ ಕಾರ್ಯಯೋಜನೆಯನ್ನು ಇದರ ಜೊತೆ ಪ್ರಕಟಿಸದಿರುವುದು. ಮತದಾರರಿಗೆ ನಿಜಕ್ಕೂ ಬೇಕಿದ್ದುದು ಅದು. ಚಿಕ್ಕ ತೊಡಕೂ ಒಂದಿದೆ: ಪಿಡಿಎಫ್ ತೋರಿಸುವ ಪುಟಸಂಖ್ಯೆಗೂ ಹಾಳೆಯ ಮೇಲಿನ ಸಂಖ್ಯೆಗೂ ಮೂವತ್ತಕ್ಕೂ ಹೆಚ್ಚು ಪುಟಗಳ ಅಂತರ. ಉಲ್ಲೇಖಿಸುವಾಗ ಹಾಳೆಯ ಮೇಲಿನದನ್ನೇ ಕೊಡಿ.

ಪಕ್ಕದಲ್ಲಿ ಅಮೆರಿಕ ಸರ್ಕಾರದ ಗೆಜೆಟ್ ಆದ ಫೆಡರಲ್ ರಿಜಿಸ್ಟರ್ ಜಾಲತಾಣ ತೆರೆದಿಟ್ಟುಕೊಳ್ಳಿ. ಇಲಾಖೆಯ ಹೆಸರು ಹಾಕಿ, 'ಪ್ರೊಪೋಸ್ಡ್ ರೂಲ್' (ಕರಡು ನಿಯಮ) ಆರಿಸಿ. ಕರಡಿನ ಆರಂಭದಲ್ಲೇ 'ಡೇಟ್ಸ್' ಎಂಬ ಸಾಲಿರುತ್ತದೆ. ಆಕ್ಷೇಪಣೆಗೆ ಕೊನೆಯ ದಿನ ಅಲ್ಲಿದೆ.