ವಿಯೆನ್ನಾದಲ್ಲಿ ಕೆಂಪು ಕೋಟಿನವರ ಹತ್ತಿರ ಟಿಕೆಟ್ ತಗೋಬೇಡಿ

ಮೇ ತಿಂಗಳಲ್ಲಿ ವಿಯೆನ್ನಾಗೆ ಹೋಗುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು, ಅಮ್ಮ ಇಬ್ಬರೂ ಅಲ್ಲಿ ಒಂದು ಸಂಗೀತ ಕಛೇರಿಗೆ 158 ಯೂರೋ ಕೊಟ್ಟು ಮೋಸಹೋದೆವು. ದುಡ್ಡು ಹೇಗೋ ಮತ್ತೆ ದುಡಿಯಬಹುದು. ಆದರೆ ಆ ಊರಿನಲ್ಲಿ ನಮಗೆ ಇದ್ದದ್ದೇ ಮೂರು ಸಂಜೆ. ಅದರಲ್ಲಿ ಒಂದು ಹಾಳಾಯಿತು.

ಅಮ್ಮ ಮೂವತ್ತು ವರ್ಷ ಮಕ್ಕಳಿಗೆ ಸಂಗೀತ ಹೇಳಿಕೊಟ್ಟವಳು. ಮೊಜಾರ್ಟ್ ಇದ್ದ ಊರಲ್ಲಿ ಕೂತು ಒಂದು ಒಳ್ಳೆ ಕಛೇರಿ ಕೇಳಬೇಕು ಅನ್ನುವುದು ಅವಳ ಬಹಳ ದಿನದ ಆಸೆ. ಅದಕ್ಕೇ ವಸಂತಕಾಲದಲ್ಲಿ ಹೋದದ್ದು. ಅಲ್ಲಿನ ಸ್ಟೇಟ್ ಒಪೆರಾ, ಅಂದರೆ ಹಾಡಿನಲ್ಲೇ ನಾಟಕ ಆಡುವ ದೊಡ್ಡ ರಂಗಮಂದಿರ, ಸೆಪ್ಟೆಂಬರ್‌ನಿಂದ ಜೂನ್‌ವರೆಗೆ ನಡೆಯುತ್ತದೆ, ಜುಲೈ ಮತ್ತು ಆಗಸ್ಟ್‌ನಲ್ಲಿ ಮುಚ್ಚಿರುತ್ತದೆ. ಮೇ ಮಧ್ಯದಿಂದ ಜೂನ್‌ವರೆಗೆ ವೀನರ್ ಫೆಸ್ಟ್‌ವೋಖನ್ ಅನ್ನುವ ಕಲೆಯ ಹಬ್ಬ. 1951ರಿಂದ ನಡೆದುಕೊಂಡು ಬಂದಿದೆ. ನಾಟಕ, ನೃತ್ಯ, ಸಂಗೀತ ಎಲ್ಲವೂ ಇರುತ್ತದೆ. ಪ್ರಾಟರ್ ಪಾರ್ಕಿನ ಸಾಲುಮರಗಳಲ್ಲಿ ಹೂವು. ಕತ್ತಲಾಗುವುದು ರಾತ್ರಿ ಎಂಟೂವರೆ ಮೇಲೆ. ಊರೆಲ್ಲ ರಸ್ತೆಯಲ್ಲೇ ಇರುತ್ತದೆ.

ಟಿಕೆಟ್ ಮಾರುವವರೂ ರಸ್ತೆಯಲ್ಲೇ ಇರುತ್ತಾರೆ.

ಸ್ಟೆಫಾನ್ಸ್‌ಪ್ಲಾಟ್ಸ್‌ನಲ್ಲಿ ದೊಡ್ಡ ಚರ್ಚಿದೆಯಲ್ಲ, ಅಲ್ಲಿಂದ ಒಪೆರಾ ಕಟ್ಟಡದವರೆಗೆ ಕೆರ್ಂಟ್ನರ್ ಸ್ಟ್ರಾಸೆ ಅಂತ ಒಂದು ರಸ್ತೆ. ಪೂರ್ತಿ ನಡೆದಾಡುವವರಿಗೇ ಬಿಟ್ಟದ್ದು. ಆ ರಸ್ತೆಯ ಎರಡೂ ತುದಿಯಲ್ಲಿ ಬಿಳಿ ವಿಗ್ ಹಾಕಿಕೊಂಡು, ಚಿನ್ನದ ಅಂಚಿನ ಕೆಂಪು ಕೋಟು ತೊಟ್ಟು, ಮೊಜಾರ್ಟ್ ವೇಷದಲ್ಲಿ ಹುಡುಗರು ನಿಂತಿರುತ್ತಾರೆ. ಕೈಯಲ್ಲಿ ಒಂದು ಫೈಲು. ನೋಡಿದರೆ ಒಪೆರಾದವರೇ ನಿಲ್ಲಿಸಿದ್ದಾರೇನೋ ಅನ್ನಿಸುತ್ತದೆ. ನಮಗೂ ಹಾಗೇ ಅನ್ನಿಸಿತು. ಅವರಿಗೂ ಒಪೆರಾಕ್ಕೂ ಯಾವ ಸಂಬಂಧವೂ ಇಲ್ಲ.

ನಾವು ಒಪೆರಾ ಕಡೆಗೇ ಹೊರಟಿದ್ದೆವು. ಟಿಕೆಟ್ ಕೌಂಟರ್‌ನಲ್ಲಿ ವಿಚಾರಿಸೋಣ ಅಂತ. ಒಬ್ಬ ಹುಡುಗ ಅಮ್ಮನ ಸೀರೆ ನೋಡಿ ಕೈಮುಗಿದು 'ನಮಸ್ತೆ' ಅಂದ. ಅಮ್ಮ ಖುಷಿಯಾಗಿ ನಿಂತುಬಿಟ್ಟಳು. ಎಲ್ಲಿಗೆ ಹೊರಟಿದ್ದೀರಿ ಅಂತ ಕೇಳಿದ. ಒಪೆರಾಕ್ಕೆ ಅಂದೆ. ಅವನ ಮುಖ ಸಪ್ಪಗಾಯಿತು. 'ಇವತ್ತು ಸೋಲ್ಡ್ ಔಟ್. ಈ ವಾರ ಪೂರ್ತಿ ಸೋಲ್ಡ್ ಔಟ್' ಅಂದ. ನಂತರ ಫೈಲು ತೆಗೆದ.

ಅದರಲ್ಲಿ ಮೊದಲ ಫೋಟೋನೇ ಮ್ಯೂಸಿಕ್‌ಫೆರೈನ್ ಅನ್ನುವ ಸಂಗೀತ ಭವನದ ಗೋಲ್ಡನ್ ಹಾಲ್. ಹೊಸ ವರ್ಷದ ದಿನ ಅಲ್ಲಿನ ಕಛೇರಿಯನ್ನು ಟೀವಿಯಲ್ಲಿ ತೋರಿಸುತ್ತಾರಲ್ಲ, ಅದೇ. 1870ರಲ್ಲಿ ಶುರುವಾದ ಹಾಲ್, 1,744 ಸೀಟಿನದ್ದು. ಆಮೇಲೆ ಅರಮನೆಗಳು, ಬ್ಯಾಲೆ ಮಾಡುವವರು, ತುಂಬಿದ ಆರ್ಕೆಸ್ಟ್ರಾ. 'ಇವತ್ತು ರಾತ್ರಿ ಎಂಟಕ್ಕೆ. ಮೊಜಾರ್ಟ್, ಸ್ಟ್ರಾಸ್. ಕ್ಯಾಟಗರಿ ಎ 99 ಯೂರೋ, ಅಮ್ಮನವರಿಗೋಸ್ಕರ 79ಕ್ಕೆ ಕೊಡ್ತೀನಿ' ಅಂದ. ಫೋಟೋದಲ್ಲಿರುವ ಹಾಲ್‌ನಲ್ಲೇನಾ ಅಂತ ನಾನು ಕೇಳಿದೆ. ಅವನು 'ಅಂಥದ್ದೇ ಐತಿಹಾಸಿಕ ಹಾಲ್, ಇಲ್ಲೇ ಹತ್ತಿರ' ಅಂದ. ಆ 'ಅಂಥದ್ದೇ' ಅನ್ನುವ ಮಾತು ನನಗೆ ಆಗ ಕೇಳಿಸಲೇ ಇಲ್ಲ. ಕಾರ್ಡ್ ಉಜ್ಜಿದೆ. 158 ಯೂರೋ ಹೋಯಿತು. ಒಪೆರಾ ಕೌಂಟರ್ ಅಲ್ಲಿಂದ ಐದು ನಿಮಿಷದ ದಾರಿ. ಹೋಗಿ ಕೇಳಲಿಲ್ಲ.

ಹಾಲ್ ಅಂದರೆ ಒಂದು ಹಳೆ ಕಟ್ಟಡದ ಎರಡನೇ ಮಹಡಿಯ ಕೋಣೆ. ಚಾವಣಿಗೆ ಒಂದಿಷ್ಟು ಚಿತ್ತಾರ ಇತ್ತು, ಅದು ನಿಜ. ಕೆಳಗೆ ಒಂದರ ಮೇಲೊಂದು ಜೋಡಿಸಿಡುವ ಕುರ್ಚಿಗಳು. ಎಲ್ಲಾ ಒಂದೇ ಮಟ್ಟದಲ್ಲಿ. ನಾಲ್ಕನೇ ಸಾಲಿನಿಂದ ಹಿಂದೆ ಕೂತವರಿಗೆ ಮುಂದಿನವರ ತಲೆ ಬಿಟ್ಟು ಏನೂ ಕಾಣುವುದಿಲ್ಲ. ನಮ್ಮದು ಕ್ಯಾಟಗರಿ ಎ, ಆದರೆ ಒಂಬತ್ತನೇ ಸಾಲು. ನಮ್ಮ ಮುಂದೆ ಎಂಟೂ ಸಾಲು 'ವಿಐಪಿ' ಅಂತೆ. ಪಕ್ಕದಲ್ಲಿ ಕೂತಿದ್ದ ಗಂಡ ಹೆಂಡತಿ ಅದೇ ಸಾಲಿಗೆ ತಲಾ 45 ಕೊಟ್ಟಿದ್ದರು. ಇನ್ನೊಬ್ಬರು 90.

ಆರ್ಕೆಸ್ಟ್ರಾ ಅಂದರೆ ಐದು ಜನ ತಂತಿ ವಾದ್ಯದವರು, ಒಂದು ಪಿಯಾನೋ. ಇಬ್ಬರು ಹಾಡುವವರು. ಬ್ಯಾಲೆ ಮಾಡುವ ಜೋಡಿಗೆ ಕುರ್ಚಿ ಸಾಲಿನ ಮುಂದೆ ನಾಲ್ಕು ಹೆಜ್ಜೆ ಜಾಗ. ಮೂರು ಮೂರು ನಿಮಿಷದ ತುಣುಕುಗಳು, ಮೊಬೈಲ್ ರಿಂಗ್‌ಟೋನ್‌ನಲ್ಲಿ ಎಲ್ಲರೂ ಕೇಳಿರುವಂಥವು. ಯಾವುದನ್ನೂ ಪೂರ್ತಿ ನುಡಿಸಲಿಲ್ಲ. ಮಧ್ಯೆ ಬ್ರೇಕ್ ಸೇರಿ ಒಂದೂ ಕಾಲು ಗಂಟೆಗೆ ಎಲ್ಲಾ ಮುಗಿಯಿತು.

ನುಡಿಸಿದವರನ್ನು ನಾನು ಬೈಯುವುದಿಲ್ಲ. ಹಾಡಿದ ಹುಡುಗಿಯ ದನಿ ಚೆನ್ನಾಗಿತ್ತು. ಸೆಕೆಯಲ್ಲಿ, ವಿಗ್ ಕೆಳಗೆ ಬೆವರುತ್ತಾ, ಫೋನ್ ಹಿಡಿದು ವಿಡಿಯೋ ಮಾಡುವವರ ಮುಂದೆ ಹಾಡುತ್ತಿದ್ದಳು. ಅಮ್ಮ ಅವಳಿಗೆ ಮನಸಾರೆ ಚಪ್ಪಾಳೆ ತಟ್ಟಿದಳು. ಹೊರಗೆ ಬಂದ ಮೇಲೆ 'ಚೆನ್ನಾಗಿತ್ತು ಕಣೇ' ಅಂದಳು. ನನಗೆ ಬೇಜಾರಾಗಬಾರದು ಅಂತ ಹಾಗೆ ಹೇಳಿದ್ದು. ಸಂಗೀತದ ವಿಷಯದಲ್ಲಿ ಅಮ್ಮ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹೋಟೆಲ್‌ಗೆ ಒಪೆರಾ ಪಕ್ಕದಿಂದಲೇ ದಾರಿ. ಅಲ್ಲಿ ಕಂಡದ್ದು ಇನ್ನೂ ಹೊಟ್ಟೆ ಉರಿಸಿತು. ಕಟ್ಟಡದ ಗೋಡೆಗೆ ದೊಡ್ಡ ಪರದೆ, ಅದರಲ್ಲಿ ಒಳಗೆ ಆಗ ನಡೆಯುತ್ತಿದ್ದ ಒಪೆರಾ ನೇರವಾಗಿ. ಮುಂದೆ ಚೌಕದಲ್ಲಿ ಕುರ್ಚಿಗಳು. ವಯಸ್ಸಾದವರು, ಸೈಕಲ್ ಪಕ್ಕಕ್ಕಿಟ್ಟು ಬಂದ ಹುಡುಗರು, ಮಗು ಮಲಗಿಸಿಕೊಂಡ ತಾಯಂದಿರು. ಎಲ್ಲಾ ಪುಕ್ಕಟೆ. ನಾವು ಹೋದಾಗ ಕೊನೆಯ ಅಂಕ. ಇಪ್ಪತ್ತು ನಿಮಿಷ ನಿಂತು ಕೇಳಿದೆವು. ಅಮ್ಮ ಒಂದು ಮಾತೂ ಆಡಲಿಲ್ಲ. ಎಂಟು ಗಂಟೆಗೆ ನಾವು ಆ ಸೆಕೆಯ ಕೋಣೆಯಲ್ಲಿ ಕೂತಾಗಲೇ ಇಲ್ಲಿ ಇದೆಲ್ಲ ಶುರುವಾಗಿತ್ತು.

ಮಾರನೇ ದಿನ ಬೆಳಿಗ್ಗೆ ಕೌಂಟರ್‌ಗೆ ಹೋದೆ. ನಿನ್ನೆ ಸೀಟುಗಳೆಲ್ಲ ಮಾರಾಟವಾಗಿದ್ದು ನಿಜ ಅಂದರು. ಆದರೆ ನಿಂತು ನೋಡುವ ಟಿಕೆಟ್ ಇತ್ತಂತೆ. ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ವಿಯೆನ್ನಾ ಒಪೆರಾದಲ್ಲಿ ನಿಂತು ನೋಡುವ ಜಾಗಗಳನ್ನು ಅದೇ ದಿನವೇ ಮಾರುತ್ತಾರೆ. ಬೆಳಿಗ್ಗೆಯಿಂದ ಆನ್‌ಲೈನ್‌ನಲ್ಲಿ ಸಿಗುತ್ತದೆ. ಮಿಕ್ಕದ್ದನ್ನು ಪ್ರದರ್ಶನಕ್ಕೆ 80 ನಿಮಿಷ ಮುಂಚೆ ಬೇರೆ ಕೌಂಟರ್‌ನಲ್ಲಿ ಕೊಡುತ್ತಾರೆ. ನಾನು ಕೊಟ್ಟ 79ರ ಪಕ್ಕದಲ್ಲಿ ಇದರ ಬೆಲೆ ಏನೂ ಅಲ್ಲ. ಜಾಗವೂ ಮೂಲೆಯಲ್ಲಿ ಇರುವುದಿಲ್ಲ. ಕೆಳಗಿನ ಸಾಲಿನದ್ದು ಸರಿಯಾಗಿ ವೇದಿಕೆಯ ಎದುರಿಗೇ.

ಅಂದರೆ ಆ ಹುಡುಗ ಹೇಳಿದ್ದು ಅರ್ಧ ನಿಜ. ಇವರ ಪೂರ್ತಿ ವ್ಯಾಪಾರ ನಡೆಯುವುದೇ ಅರ್ಧ ನಿಜದ ಮೇಲೆ. ಅವರ ಮಾತುಗಳನ್ನು ಒಂದೊಂದಾಗಿ ನೋಡಿ. 'ಒಪೆರಾ' ಅನ್ನುತ್ತಾರೆ, ಅಲ್ಲಿ ಒಪೆರಾದ ನಾಲ್ಕು ಹಾಡು ಮಾತ್ರ ಇರುತ್ತದೆ. 'ಆರ್ಕೆಸ್ಟ್ರಾ' ಅನ್ನುತ್ತಾರೆ, ಎಷ್ಟು ಜನ ಅಂತ ಹೇಳುವುದಿಲ್ಲ. 'ಅರಮನೆ' ಅನ್ನುತ್ತಾರೆ. ಆ ಊರಿನಲ್ಲಿ ಹಿಂದೆ ಸಿರಿವಂತರು ಇದ್ದ ಎಷ್ಟೋ ಮನೆಗಳಿಗೂ 'ಪಲೇ' ಅಂತಲೇ ಹೆಸರು. 'ಮ್ಯೂಸಿಕ್‌ಫೆರೈನ್‌ನಲ್ಲಿ' ಅಂದರೂ ನಂಬಬೇಡಿ. ಆ ಕಟ್ಟಡದಲ್ಲಿ ಬ್ರಾಮ್ಸ್ ಹೆಸರಿನ ಚಿಕ್ಕ ಹಾಲ್ ಬೇರೆ ಇದೆ. 2004ರಲ್ಲಿ ನೆಲದಡಿಯಲ್ಲಿ ಇನ್ನೂ ನಾಲ್ಕು ಹಾಲ್ ಕಟ್ಟಿದ್ದಾರೆ. ಗೋಲ್ಡನ್ ಹಾಲ್ ಬೇಕಿದ್ದರೆ ಟಿಕೆಟ್ ಮೇಲೆ 'ಗ್ರೋಸರ್ ಸಾಲ್' ಅಂತ ಇರಬೇಕು. ದೊಡ್ಡ ಹಾಲ್ ಅಂತ ಅರ್ಥ.

ವೇಷ ಹಾಕಿ ನುಡಿಸುವ ಕಛೇರಿಗಳೆಲ್ಲ ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಒಳ್ಳೆ ಹಾಲ್‌ನಲ್ಲಿ ಒಳ್ಳೆಯವರು ನುಡಿಸುವುದೂ ಇದೆ. ಮಕ್ಕಳಿದ್ದರೆ ಅವರಿಗೆ ಖುಷಿಯಾದೀತು. ಆದರೆ ಅದು ಯಾವುದು, ಎಲ್ಲಿ, ಎಷ್ಟು ಜನ ನುಡಿಸುತ್ತಾರೆ ಅನ್ನುವುದನ್ನು ರೂಮಿನಲ್ಲಿ ಕೂತು ನಿಧಾನವಾಗಿ ನೋಡಿ ತಗೊಳ್ಳಿ. ರಸ್ತೆಯಲ್ಲಿ ನಿಂತು ಬೇಡ. ಅಲ್ಲಿ ನಿಂತವರು ಕಮಿಷನ್ ಮೇಲೆ ದುಡಿಯುವವರು. ನೀವು ಎರಡು ನಿಮಿಷ ಯೋಚನೆ ಮಾಡಿದರೆ ಅವರಿಗೆ ನಷ್ಟ.

ದುಡ್ಡು ವಾಪಸ್ ಕೇಳಿದೆ. ಟಿಕೆಟ್ ಹಿಂದೆ ಇದ್ದ ನಂಬರಿಗೆ ಫೋನ್ ಮಾಡಿದೆ, ಮೇಲ್ ಹಾಕಿದೆ. ಆಮೇಲೆ ಆ ಸಣ್ಣ ಅಕ್ಷರದ ಜರ್ಮನ್ ಸಾಲನ್ನು ಫೋನ್‌ನಲ್ಲಿ ಅನುವಾದ ಮಾಡಿ ಓದಿದೆ. 'ಕಾರ್ಯಕ್ರಮ, ಸ್ಥಳ ಬದಲಾಗಬಹುದು' ಅಂತ ಇತ್ತು. ಯೂರೋಪಿನಲ್ಲಿ ಆನ್‌ಲೈನ್‌ನಲ್ಲೋ ರಸ್ತೆಯಲ್ಲೋ ಕೊಂಡದ್ದನ್ನು 14 ದಿನದಲ್ಲಿ ವಾಪಸ್ ಮಾಡುವ ಹಕ್ಕಿದೆ ಅಂತ ಓದಿದ್ದೆ. ಆ ಕಾನೂನು ನಿಜ, 2011ರದ್ದು. ಆದರೆ ಇಂಥ ದಿನಕ್ಕೇ ಅಂತ ಕೊಂಡ ಮನರಂಜನೆಯ ಟಿಕೆಟ್‌ಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ಬ್ಯಾಂಕಿನವರನ್ನೂ ಕೇಳಿದೆ. ಕಾರ್ಯಕ್ರಮ ನಡೆದಿದೆ, ನೀವು ಹೋಗಿ ಕೂತಿದ್ದೀರಿ, ಏನೂ ಮಾಡೋಕಾಗಲ್ಲ ಅಂದರು. ಒಮ್ಮೆ ಕಾರ್ಡ್ ಉಜ್ಜಿದರೆ ಮುಗಿಯಿತು ಅಂತಲೇ ತಿಳಿದುಕೊಳ್ಳಿ.

ಆನ್‌ಲೈನ್‌ನಲ್ಲೂ ಹುಷಾರಾಗಿರಿ. 'ವಿಯೆನ್ನಾ ಒಪೆರಾ ಟಿಕೆಟ್' ಅಂತ ಹುಡುಕಿದರೆ ಮೊದಲು ಬರುವುದು ಜಾಹೀರಾತು. ಒಪೆರಾ ಕಟ್ಟಡದ ಫೋಟೋ, ಅದೇ ಥರದ ಹೆಸರು, ಎರಡು ಮೂರು ಪಟ್ಟು ಬೆಲೆ. ಸೈಟ್‌ನ ವಿಳಾಸ ಆಸ್ಟ್ರಿಯಾದ 'ಡಾಟ್ ಎಟಿ' ಅಂತ ಮುಗಿದ ಮಾತ್ರಕ್ಕೆ ಅದು ಸರ್ಕಾರದ್ದಾಗುವುದಿಲ್ಲ. ಸ್ಟೇಟ್ ಒಪೆರಾಕ್ಕೆ ಜರ್ಮನ್‌ನಲ್ಲಿರುವ ವೀನರ್ ಸ್ಟಾಟ್ಸ್‌ಓಪರ್ ಅನ್ನುವ ಪೂರ್ತಿ ಹೆಸರು ಹಾಕಿ ಅವರದ್ದೇ ಸೈಟ್‌ಗೆ ಹೋಗಿ. ದುಡ್ಡು ಕಟ್ಟುವ ಮುಂಚೆ ಟಿಕೆಟ್‌ನ ಮೂಲ ಬೆಲೆ ಎಷ್ಟು ಅಂತ ಅಲ್ಲೇ ನೋಡಿ.

ಕುದುರೆ ನೋಡುವ ಆಸೆ ಇರುವವರಿಗೆ ಒಂದು ಮಾತು. ಅಲ್ಲಿ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್ ಅಂತ ಕುದುರೆ ಸವಾರಿಯ ಶಾಲೆ ಇದೆ. ಅದರಲ್ಲಿ 'ಮಾರ್ನಿಂಗ್ ಎಕ್ಸರ್‌ಸೈಜ್' ಟಿಕೆಟ್ ಬೇರೆ, ಪ್ರದರ್ಶನದ ಟಿಕೆಟ್ ಬೇರೆ. ಮೊದಲನೆಯದರಲ್ಲಿ ಕುದುರೆಗಳ ದಿನದ ಅಭ್ಯಾಸ ಮಾತ್ರ ಇರುತ್ತದೆ. ಫೋಟೋದಲ್ಲಿರುವ ನೆಗೆತ ಕಾಣುತ್ತದೆ ಅಂತ ಹೋದರೆ ಬೇಜಾರಾಗುತ್ತದೆ.

ಇದನ್ನೆಲ್ಲ ಓದಿ ವಿಯೆನ್ನಾದ ಮೇಲೆ ಮನಸ್ಸು ಕಹಿ ಮಾಡಿಕೊಳ್ಳಬೇಡಿ. ದುಡ್ಡೇ ಇಲ್ಲದೆ ಇಷ್ಟು ಸಂಗೀತ ಕೊಡುವ ಊರನ್ನು ನಾನು ಬೇರೆ ನೋಡಿಲ್ಲ. ಒಪೆರಾದ ಹೊರಗಿನ ಪರದೆ ಏಪ್ರಿಲ್‌ನಿಂದ ಜೂನ್‌ವರೆಗೆ, ಮತ್ತೆ ಸೆಪ್ಟೆಂಬರ್‌ನಲ್ಲಿ ಇರುತ್ತದೆ. ದಿನಾ ಇರುವುದಿಲ್ಲ, ಪಟ್ಟಿ ನೋಡಿ ಹೋಗಿ. ಫೆಸ್ಟ್‌ವೋಖನ್ ಶುರುವಾಗುವ ಸಂಜೆ ರಾಟ್‌ಹೌಸ್‌ಪ್ಲಾಟ್ಸ್ ಚೌಕದಲ್ಲಿ ನಡೆಯುವ ಕಾರ್ಯಕ್ರಮಕ್ಕೆ ಟಿಕೆಟ್ ಇಲ್ಲ. ಸಾಮಾನ್ಯವಾಗಿ ಜೂನ್‌ನಲ್ಲಿ ವಿಯೆನ್ನಾ ಫಿಲ್‌ಹಾರ್ಮೋನಿಕ್ ಅನ್ನುವ ಆರ್ಕೆಸ್ಟ್ರಾದವರು ಶೋನ್‌ಬ್ರುನ್ ಅರಮನೆಯ ತೋಟದಲ್ಲಿ ನುಡಿಸುತ್ತಾರೆ. ಅದೂ ಉಚಿತ, ಹುಲ್ಲಿನ ಮೇಲೆ ಕೂತು ಕೇಳಬಹುದು. ಈ ಮೂರರಲ್ಲಿ ಯಾವುದಕ್ಕಾದರೂ ರಸ್ತೆಯಲ್ಲಿ ಯಾರಾದರೂ ಟಿಕೆಟ್ ಮಾರಲು ಬಂದರೆ ಅದು ಮೋಸವೇ.

ಮೂರನೇ ಸಂಜೆ ಅಮ್ಮನೇ ಹಟ ಹಿಡಿದಳು, ನಿಂತೇ ನೋಡೋಣ ಅಂತ. ಮಂಡಿ ನೋವಿದೆ, ಮೂರು ಗಂಟೆ ನಿಲ್ಲೋಕಾಗಲ್ಲ ಅಂದರೂ ಕೇಳಲಿಲ್ಲ. ಸಾಲಿನಲ್ಲಿ ನಿಂತು ಟಿಕೆಟ್ ತಗೊಂಡೆವು. ಒಳಗೆ ಹೋದ ತಕ್ಷಣ ಎಲ್ಲರೂ ಎದುರಿನ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿ ಹೊರಗೆ ಹೋಗುತ್ತಾರೆ. ಅದು ಅವರ ಜಾಗ ಅಂತ. ಬಟ್ಟೆ ಕಟ್ಟಿದ ಜಾಗಕ್ಕೆ ಬೇರೆಯವರು ಬರುವುದಿಲ್ಲ. ನಾನು ನನ್ನ ದುಪಟ್ಟಾ ಕಟ್ಟಿದೆ, ಇಬ್ಬರಿಗೂ ಸಾಕಾಯಿತು. ಕಂಬಿಯ ಮೇಲೆ ಚಿಕ್ಕ ಪರದೆ ಇದೆ, ಹಾಡಿನ ಅರ್ಥ ಇಂಗ್ಲಿಷಿನಲ್ಲಿ ಬರುತ್ತದೆ. ಅಮ್ಮ ಮೊದಲ ಹತ್ತು ನಿಮಿಷ ಓದಿದಳು. ಆಮೇಲೆ ಅದನ್ನು ಬಿಟ್ಟು ಕಣ್ಣು ಮುಚ್ಚಿಕೊಂಡಳು.

ಇಂಟರ್ವಲ್ ಹೊತ್ತಿಗೆ ಅವಳಿಗೆ ನಿಲ್ಲುವುದೇ ಕಷ್ಟವಾಯಿತು. ವಾಪಸ್ ಹೋಗೋಣ ಅಂದೆ. 'ನೀನು ಒಳಗೇ ಇರು. ನಾನು ಹೊರಗೆ ಕುರ್ಚಿಯಲ್ಲಿ ಕೂತು ನೋಡ್ತೀನಿ' ಅಂದಳು. ಅವತ್ತೂ ಪರದೆ ಇತ್ತು. ಅವಳನ್ನು ಚೌಕದಲ್ಲಿ ಕೂರಿಸಿ, ನನ್ನ ಸ್ವೆಟರ್ ಕೊಟ್ಟು ಬಂದೆ. ಮೇ ತಿಂಗಳಲ್ಲೂ ಅಲ್ಲಿ ರಾತ್ರಿ ಚಳಿ ಆಗುತ್ತದೆ, ಏನಾದರೂ ಬೆಚ್ಚಗಿನದು ಇಟ್ಟುಕೊಂಡಿರಿ. ಉಳಿದ ಒಪೆರಾವನ್ನು ನಾನು ಗೋಡೆಯ ಈಚೆ ನಿಂತು ಕೇಳಿದೆ, ಅವಳು ಆಚೆ ಕೂತು ಕೇಳಿದಳು. ಮುಗಿದ ಮೇಲೆ ಹೊರಗೆ ಬಂದರೆ ಚೌಕ ಖಾಲಿಯಾಗುತ್ತಿತ್ತು. ಅಮ್ಮ ಸ್ವೆಟರ್ ಹೊದ್ದುಕೊಂಡು ಅದೇ ಕುರ್ಚಿಯಲ್ಲಿ ಕೂತಿದ್ದಳು, ಕೊನೆಗೆ ಹಾಡಿದ್ದನ್ನು ಸಣ್ಣಗೆ ಗುನುಗುತ್ತಾ.