ಹುಬ್ಬಳ್ಳಿಯಲ್ಲಿ ಬಿಬಿಎ ಮಾಡಿದೆ, ಐದಕ್ಕೆ ಮೂರು ಸ್ಟಾರ್

ಪಿಯುಸಿ ರಿಸಲ್ಟ್ ಬಂತು ಅಂದರೆ ನನಗೆ ಫೋನ್ ಶುರು. "ಅಣ್ಣಾ, ಬಿಬಿಎ ತಗೊಂಡ್ರ ಹ್ಯಾಂಗ?" ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೆ ಇಲ್ಲೇ ಬರೆದುಬಿಡ್ತೀನಿ. ನಾನು ಹುಬ್ಬಳ್ಳಿಯ ಒಂದು ಖಾಸಗಿ ಕಾಲೇಜಿನಲ್ಲಿ 2016ರಿಂದ 2019ರವರೆಗೆ ಆರು ಸೆಮಿಸ್ಟರ್ ಬಿಬಿಎ, ಅಂದರೆ ಬಿಸಿನೆಸ್ ಮ್ಯಾನೇಜ್‌ಮೆಂಟ್ ಡಿಗ್ರಿ, ಓದಿದವನು. ಕಾಲೇಜಿನ ಹೆಸರು ಬೇಡ ಬಿಡಿ.

ಮೊದಲು ಸಿಟ್ಟು ತೀರಿಸಿಕೊಳ್ತೀನಿ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಅದಾದ ಮೇಲೂ ನಮ್ಮ ಕ್ಲಾಸಿನಲ್ಲಿ ಹಳೆ ಮಾರಾಟ ತೆರಿಗೆ ವ್ಯಾಟ್‌ನ ಲೆಕ್ಕ ಮಾಡಿಸುತ್ತಿದ್ದರು, ಸಂಜೆ ಕಾಕಾನ ಪೈಪ್ ಅಂಗಡಿಗೆ ಹೋದರೆ ಅಲ್ಲಿ ನಾನೇ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ (ಜಿಎಸ್‌ಟಿಯಲ್ಲಿ ಕೇಂದ್ರದ ಪಾಲು, ರಾಜ್ಯದ ಪಾಲು) ಹಾಕಿ ಬಿಲ್ ಹರಿಯುತ್ತಿದ್ದೆ. ಕೊನೆ ವರ್ಷದ ಪ್ರಾಜೆಕ್ಟ್ ಕಥೆ ಇನ್ನೂ ಮಜಾ. ಕಾಲೇಜಿನ ಎದುರಿಗಿನ ಝೆರಾಕ್ಸ್ ಅಂಗಡಿಯಲ್ಲಿ ಹಳೆ ರಿಪೋರ್ಟ್ ಸಿಗುತ್ತಿತ್ತು, ಹೆಸರು, ರಿಜಿಸ್ಟರ್ ನಂಬರ್ ಬದಲಿಸಿ ಸ್ಪೈರಲ್ ಬೈಂಡ್ ಹಾಕಿಸಿದರೆ ಮುಗೀತು. ಯಾರೂ ತೆರೆದು ನೋಡುತ್ತಿರಲಿಲ್ಲ.

ನಾನು ಸುಮ್ನೆ ಹಟಕ್ಕೆ ಬಿದ್ದು ಕಾಕಾನ ಉದ್ರಿ ವಹಿಯನ್ನೇ (ಸಾಲದ ಲೆಕ್ಕದ ಪುಸ್ತಕ) ಪ್ರಾಜೆಕ್ಟ್ ಮಾಡಿಕೊಂಡೆ. ಅವನದು ಒಂದೇ ರಗಳೆ: "ವ್ಯಾಪಾರ ಜೋರ್ ಐತಿ, ರೊಕ್ಕ ಎಲ್ಲಿ ಹೋಗ್ತಾವ ತಿಳೀವಲ್ದು." ವರ್ಷಕ್ಕೆ ಸುಮಾರು 48 ಲಕ್ಷದ ಉದ್ರಿ ವ್ಯಾಪಾರ, ಅದರಲ್ಲಿ 12 ಲಕ್ಷ ಯಾವಾಗಲೂ ಬಾಕಿ. ಬಾಕಿಯನ್ನು ವ್ಯಾಪಾರದಿಂದ ಭಾಗಿಸಿ 365ರಿಂದ ಗುಣಿಸಿದರೆ 91 ದಿನ. ಅಂದರೆ ಗಿರಾಕಿ ಮೂರು ತಿಂಗಳಿಗೆ ಕೊಡುತ್ತಾನೆ, ಕಾಕಾ ಮಾತ್ರ ಕಂಪನಿಗೆ 30 ದಿನಕ್ಕೆ ಕೊಡಬೇಕು. ನಡುವಿನ ಎರಡು ತಿಂಗಳು ಬ್ಯಾಂಕಿನ ಬಡ್ಡಿ ಸಾಲ! ಹಾಳೆ ಮೇಲೆ ಬರೆದು ತೋರಿಸಿದಾಗ ಕಾಕಾ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ. ಮರುವಾರವೇ ಇಬ್ಬರು ಕಾಂಟ್ರ್ಯಾಕ್ಟರ್‌ಗಳಿಗೆ ಉದ್ರಿ ಬಂದ್. ಒಬ್ಬ ಇನ್ನೂ ಕೊಟ್ಟಿಲ್ಲ, ಅದು ಬೇರೆ ಮಾತು.

ಮೂರು ಸ್ಟಾರ್ ಆ ಒಂದು ಹಾಳೆಗೆ. ಕಾಸ್ಟಿಂಗ್, ಫೈನಾನ್ಸ್ ಪೇಪರ್‌ಗಳು ನಿಜಕ್ಕೂ ಕೆಲಸಕ್ಕೆ ಬರುತ್ತವೆ, ಆದರೆ ಹಚ್ಚಿ ನೋಡೋಕೆ ನಿಮ್ಮದೋ ಪರಿಚಯದವರದೋ ಒಂದು ಅಂಗಡಿ ಬೇಕು, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಾದರೂ ಸರಿ. ಮ್ಯಾನೇಜ್‌ಮೆಂಟ್ ಥಿಯರಿ ಪೇಪರ್‌ಗಳೆಲ್ಲ ಹಿಂದಿನ ರಾತ್ರಿ ಓದಿ ಪಾಸಾಗುವಂಥವು.

ಎಂಬಿಎ ಮಾಡೋಕೆ ಬಿಬಿಎ ಬೇಕೇಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಂಬಿಎ ಸೇರೋಕೆ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆ ಪಿಜಿಸಿಇಟಿಯನ್ನು ಯಾವ ಡಿಗ್ರಿಯವರೂ ಬರೆಯಬಹುದು, ಬ್ಯಾಂಕ್ ಪರೀಕ್ಷೆಯೂ ಅಷ್ಟೇ. ಅಕೌಂಟ್ಸ್, ಟ್ಯಾಕ್ಸ್ ಕಡೆ ಮನಸ್ಸಿದ್ದರೆ ಬಿಕಾಂ ವಾಸಿ. ಡಿಗ್ರಿ ಮೂರು ವರ್ಷವೋ ನಾಲ್ಕೋ ಅನ್ನೋ ಗೊಂದಲ ಈಗಿಲ್ಲ, ನಮ್ಮ ರಾಜ್ಯದಲ್ಲಿ 2024-25ರಿಂದ ಮತ್ತೆ ಮೂರೇ ವರ್ಷ. ಅದೇ ವರ್ಷದಿಂದ ಬಿಬಿಎಯೂ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ವ್ಯಾಪ್ತಿಗೆ ಬಂದಿದೆ, ಹಾಗಾಗಿ ಅಡ್ಮಿಷನ್‌ಗೆ ಮೊದಲು ಕಾಲೇಜಿಗೆ ಅದರ ಒಪ್ಪಿಗೆ ಇದೆಯಾ ಕೇಳಿ.

ಇನ್ನೊಂದು. ಕಾಲೇಜು ನೋಡೋಕೆ ಹೋದಾಗ ಲ್ಯಾಬು, ಎಸಿ ಹಾಲ್ ತೋರಿಸ್ತಾರೆ. ಲೈಬ್ರರಿಗೆ ಹೋಗಿ ಹಳೆ ಪ್ರಾಜೆಕ್ಟ್ ರಿಪೋರ್ಟ್ ಎರಡು ತೆಗೆಸಿ ನೋಡಿ. ಎರಡರಲ್ಲೂ ಅದೇ ಕಂಪನಿ, ಅದೇ ತಪ್ಪು ಸ್ಪೆಲಿಂಗ್ ಇದ್ದರೆ, ಹೊರಗೆ ಬಂದು ಒಂದು ಪ್ಲೇಟ್ ಗಿರಮಿಟ್ ತಿಂದು ಮುಂದಿನ ಕಾಲೇಜಿಗೆ ಹೋಗಿ.